ಐದನೆಯ ದಿನದ ರಕ್ತ

ಇಲಿಯ ಹೊಟ್ಟೆ ಕೊಯ್ದು, ಯಕೃತ್ತಿನ ಮೂರು ಪಾಲಿನಲ್ಲಿ ಎರಡನ್ನು ರೇಷ್ಮೆ ದಾರದಿಂದ ಬಿಗಿದು ಕತ್ತರಿಸಿ ತೆಗೆದು, ಮತ್ತೆ ಹೊಲಿಯಲು ಡಾಕ್ಟರ್ ಅಂಬುಜಾಕ್ಷಿಗೆ ಬೇಕಾಗುತ್ತಿದ್ದುದು ಹನ್ನೆರಡೇ ನಿಮಿಷ. ಮೈಸೂರಿನ ಹೊರವಲಯದ ಆ ಸಂಶೋಧನಾಲಯಕ್ಕೆ ಅವಳು ಪಶುವೈದ್ಯೆಯಾಗಿ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಅಷ್ಟು ವರ್ಷವೂ ನೋಡುತ್ತ ಬಂದದ್ದು ಒಂದೇ ಸೋಜಿಗವನ್ನು. ಬೆಳಿಗ್ಗೆ ಕೊಯ್ದ ಇಲಿ ಸಂಜೆಗೆ ಎದ್ದು ಕೂತು ಮೂತಿ ಒರೆಸಿಕೊಳ್ಳುತ್ತದೆ. ಉಳಿದ ಒಂದು ಪಾಲು ಯಕೃತ್ತು ಮರುದಿನದಿಂದಲೇ ಉಬ್ಬತೊಡಗುತ್ತದೆ. ಐದಾರು ದಿನ ತುಂಬುವುದರೊಳಗೆ ಮೊದಲಿದ್ದಷ್ಟೇ ತೂಕಕ್ಕೆ ಬಂದು, ಅಲ್ಲಿಗೆ ನಿಲ್ಲುತ್ತದೆ. ಅದಕ್ಕೆ ‘ಬೆಳೆ’ ಎಂದವರು ಯಾರು, ‘ಸಾಕು’ ಎಂದವರು ಯಾರು?

ಒಂಬತ್ತು ವರ್ಷದ ಹಿಂದೆ ಅವಳಿಗೆ ಎರಡನೆಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಕೊಯ್ದು ಐದು ದಿನವಾದ ಇಲಿಯ ರಕ್ತವನ್ನು ಆಗಷ್ಟೇ ಕೊಯ್ದ ಇಲಿಗೆ ಕೊಟ್ಟರೆ, ಹೊಸ ಇಲಿಯ ಯಕೃತ್ತು ಬೆಳೆಯುವುದನ್ನೇ ನಿಲ್ಲಿಸುತ್ತಿತ್ತು. ಒಂದು ಸಲವಲ್ಲ, ನೂರಹದಿನಾರು ಸಲ ಮಾಡಿ ನೋಡಿದಳು. ಮೊದಲ ನಾಲ್ಕು ದಿನದ ರಕ್ತ ‘ಬೆಳೆ’ ಎನ್ನುತ್ತದೆ, ಐದನೆಯ ದಿನದ್ದು ‘ಸಾಕು’ ಎನ್ನುತ್ತದೆ. ಮೂವತ್ತು ಪುಟದ ವರದಿ ಬರೆದು ನಿರ್ದೇಶಕ ಅನಂತಶಯನರ ಮೇಜಿನ ಮೇಲಿಟ್ಟಳು.

“ಲಿವರ್ ಬೆಳೆಸೋದು ಹೇಗೆ ಅಂತ ಜನ ಕೇಳ್ತಾರಮ್ಮ,” ಎಂದಿದ್ದರು ಅನಂತಶಯನ. “ನಿಲ್ಲಿಸೋದು ಹೇಗೆ ಅಂತ ಯಾರಿಗೆ ಬೇಕು? ಬೀರುವಿನಲ್ಲಿಡು.”

ಬೀರುವಿನಲ್ಲಿಟ್ಟಳು. ಅವಳ ಬೀರು ಅವಳ ಹಾಗೆಯೇ ಇತ್ತು. ಒಳಗೇನಿದೆ ಎಂದು ಯಾರೂ ಕೇಳುತ್ತಿರಲಿಲ್ಲ, ತಾನಾಗಿ ಅದು ತೆರೆದುಕೊಳ್ಳುತ್ತಲೂ ಇರಲಿಲ್ಲ.

ಎರಡು ವರ್ಷದ ಹಿಂದೆ ಡಾಕ್ಟರ್ ಲವೀನಾ ಡಿಮೆಲ್ಲೊ ಬಂದಳು. ಅವಳ ಹಿಂದೆಯೇ ಒಂದು ಲಾರಿಯಲ್ಲಿ ಹಂದಿಗಳು ಬಂದವು. ಮೂವತ್ತನಾಲ್ಕರ ಹುಡುಗಿ, ಮೂಡುಬಿದಿರೆ ಕಡೆಯವಳು. ಅಜ್ಜಿ ಹಂದಿ ಸಾಕಿದ್ದಳಂತೆ. ಕೊಟ್ಟಿಗೆಗೆ ಹೋದರೆ ಕೊಂಕಣಿಯಲ್ಲಿ ಅವುಗಳ ಜೊತೆ ಮಾತಾಡುವಳು, ಅವು ಕಿವಿ ನಿಮಿರಿಸಿ ಬೇಲಿಗೆ ಬರುವವು. ಬಂದ ಮೊದಲ ವಾರವೇ ಅವಳು ಊಟದ ಕೋಣೆಯಲ್ಲಿ ಹೇಳಿದ ಮಾತು ಅಂಬುಜಾಕ್ಷಿಯ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. “ಇಲಿಗೆ ಪಿತ್ತಕೋಶವೇ ಇಲ್ಲ ಮಾರಾಯ್ರೆ. ಅದನ್ನು ನೋಡಿ ಮನುಷ್ಯನ ಲಿವರ್ ಬಗ್ಗೆ ಎಷ್ಟು ಅಂತ ಹೇಳುದು? ಹಂದಿಯದ್ದಾದರೆ ಗಾತ್ರವೂ ನಮ್ಮಷ್ಟೇ ಉಂಟು, ರಕ್ತದ ಒತ್ತಡವೂ ನಮ್ಮಂತೆಯೇ ಉಂಟು.” ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ಹೆಚ್ಚು ಉರಿಯಿತು.

ಲವೀನಾ ಕಟ್ಟಿದ ಯಂತ್ರದ ಹೆಸರು ಸೇತು. ಟ್ರಂಕು ಪೆಟ್ಟಿಗೆಯಷ್ಟು ದೊಡ್ಡದು. ಒಳಗೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಪೊರೆ. ಪೊರೆಯ ಈಚೆ ರೋಗಿಯ ರಕ್ತ ಹರಿಯುತ್ತದೆ, ಆಚೆ ಹಂದಿಯ ರಕ್ತ. ಎರಡೂ ಬೆರೆಯುವುದಿಲ್ಲ. ಆದರೆ ಯಕೃತ್ತಿಗೆ ‘ಬೆಳೆ’ ಎಂದು ಹೇಳುವ ಸಣ್ಣ ಅಣುಗಳು ಪೊರೆಯನ್ನು ದಾಟಿ ಬರುತ್ತವೆ. ಗಡ್ಡೆಯೆದ್ದು ಯಕೃತ್ತಿನ ಐದರಲ್ಲಿ ನಾಲ್ಕು ಪಾಲು ತೆಗೆಯಬೇಕಾದ ರೋಗಿಗಳಿದ್ದಾರೆ. ಉಳಿದ ಚೂರು ಅವರನ್ನು ಬದುಕಿಸಲಾರದು, ತಾನಾಗಿ ಬೆಳೆಯುವಷ್ಟು ಕಸುವೂ ಅದಕ್ಕಿರುವುದಿಲ್ಲ. ಅದೇ ದಿನ ಒಂದು ಹಂದಿಯ ಯಕೃತ್ತನ್ನೂ ಕೊಯ್ದು, ಹತ್ತು ದಿನ ರೋಗಿಯನ್ನೂ ಹಂದಿಯನ್ನೂ ಸೇತುವಿಗೆ ಜೋಡಿಸಿದರೆ? ಹಂದಿ ತಾನು ಬೆಳೆಯುತ್ತ ರೋಗಿಯನ್ನೂ ಬೆಳೆಸುತ್ತದೆ. ಹಂದಿಗೆ ಹಂದಿಯನ್ನು ಜೋಡಿಸಿ ಹದಿನೆಂಟು ಸಲ ಮಾಡಿದ್ದಳು. ಹದಿನೆಂಟೂ ಬದುಕಿದ್ದವು.

ಮೊದಲ ರೋಗಿಗೆ ಒಪ್ಪಿಗೆ ಸಿಕ್ಕಿದ ದಿನ ಸಭೆಯಲ್ಲಿ ಲವೀನಾ ಪರದೆಯ ಮುಂದೆ ನಿಂತು ಯೋಜನೆ ವಿವರಿಸಿದಳು. ಅನಂತಶಯನ ಮುಂದಿನ ಸಾಲಿನಲ್ಲಿ ಮದುವೆ ಮನೆಯ ಹಿರಿಯರಂತೆ ಬೀಗುತ್ತಿದ್ದರು. ಕೊನೆಯ ಸಾಲಿನಲ್ಲಿ ಕೂತಿದ್ದ ಅಂಬುಜಾಕ್ಷಿಗೆ ಮೂರನೆಯ ಚಿತ್ರ ಬಂದ ಕೂಡಲೇ ತಪ್ಪು ಕಂಡಿತು.

ಹಂದಿಗೆ ಹಂದಿ ಜೋಡಿಸಿದಾಗ ಎರಡರದ್ದೂ ಸಮಸಮ ಕೊಯ್ದಿದ್ದರು. ಎರಡೂ ಒಟ್ಟಿಗೆ ಬೆಳೆದು ಒಟ್ಟಿಗೇ ‘ಸಾಕು’ ಎಂದಿದ್ದವು. ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಈಗ ಹಾಗಲ್ಲ. ರೋಗಿಗೆ ಉಳಿಯುವುದು ಐದರಲ್ಲಿ ಒಂದು ಪಾಲು, ಹಂದಿಗೆ ಮೂರರಲ್ಲಿ ಒಂದು ಪಾಲು. ಹಂದಿ ಮೊದಲು ಗುರಿ ಮುಟ್ಟುತ್ತದೆ. ಮುಟ್ಟಿದ ಮೇಲೆ ಅದರ ರಕ್ತ ‘ಸಾಕು’ ಎನ್ನುತ್ತದೆ, ಆ ‘ಸಾಕು’ ಪೊರೆ ದಾಟಿ ರೋಗಿಯ ಅರೆಬೆಳೆದ ಯಕೃತ್ತಿಗೂ ಕೇಳಿಸುತ್ತದೆ.

ಕೈ ಎತ್ತಬೇಕೆಂದುಕೊಂಡಳು. ಆಗಲೇ ಅನಂತಶಯನ, “ಇಪ್ಪತ್ತು ವರ್ಷದಲ್ಲಿ ಈ ಸಂಸ್ಥೆ ಮಾಡದೇ ಇದ್ದದ್ದನ್ನ ಈ ಹುಡುಗಿ ಎರಡು ವರ್ಷದಲ್ಲಿ ಮಾಡಿದಳು,” ಎಂದರು. ಚಪ್ಪಾಳೆ ಬಿತ್ತು. ಅಂಬುಜಾಕ್ಷಿಯ ಕೈ ತೊಡೆಯ ಮೇಲೆಯೇ ಉಳಿಯಿತು.

ಸಭೆ ಮುಗಿದ ಮೇಲೆ ಲವೀನಾ ಹುಡುಕಿಕೊಂಡು ಬಂದಳು. “ಮೇಡಂ, ನಿಮ್ಮತ್ರ ಒಂದು ಕೇಳ್ಲಿಕ್ಕುಂಟು. ನಾಲ್ಕು ದಿನ ಕಳೆದ ಮೇಲೆ ರಕ್ತದಲ್ಲಿ ಎಂಥದಾದ್ರೂ ಬದಲಾಗ್ತದಾ? ಇಲಿಗಳಲ್ಲಿ ನೀವು ಏನಾದ್ರೂ ನೋಡಿದ್ರಾ? ನಿಮ್ಮಷ್ಟು ಇದನ್ನು ನೋಡಿದವರು ಯಾರೂ ಇಲ್ಲ.”

ಆ ಕಣ್ಣುಗಳಲ್ಲಿ ಕೊಂಕು ಇರಲಿಲ್ಲ. ನಿಜಕ್ಕೂ ತಿಳಿಯಬೇಕೆಂದೇ ಕೇಳುತ್ತಿದ್ದಳು. ಬೀರುವಿನ ಬೀಗದ ಕೈ ಅಂಬುಜಾಕ್ಷಿಯ ಕೈಚೀಲದಲ್ಲಿಯೇ ಇತ್ತು.

“ವಿಶೇಷ ಏನಿಲ್ಲ,” ಎಂದಳು. “ಇಲಿ ಬೇರೆ, ಹಂದಿ ಬೇರೆ ಅಲ್ವಾ?”

ಅವಳ ಗಂಡ ಸದಾನಂದ ಅಗ್ರಹಾರದಲ್ಲಿ ಬೇಕರಿ ನಡೆಸುತ್ತಿದ್ದ. ಸಂಜೆ ಅವಳು ಬಂದಾಗ ಗಲ್ಲಾಪೆಟ್ಟಿಗೆ ಪಕ್ಕದ ಸ್ಟೂಲಿನ ಮೇಲೆ ಕೂರುವುದು ವಾಡಿಕೆ. ಆ ದಿನ ಅವನು ಖಾರಾ ಬನ್ನು ತಟ್ಟೆಯಲ್ಲಿಟ್ಟು, “ನಿಮ್ಮ ಲವೀನಾ ಬಂದಿದ್ದಳು ಮಧ್ಯಾಹ್ನ,” ಎಂದ. “ಒಂದು ಡಜನ್ ದಿಲ್‌ಪಸಂದ್ ಕಟ್ಟಿಸಿಕೊಂಡು ಹೋದಳು, ಕೊಟ್ಟಿಗೆ ಕೆಲಸದವರಿಗಂತೆ. ಒಳ್ಳೆ ಹುಡುಗಿ ಕಣೆ. ‘ಮೇಡಂ ಕೈಚಳಕ ನೋಡಿದ್ರೆ ನನಗೆ ನಾಚಿಕೆ ಆಗ್ತದೆ’ ಅಂದಳು ನಿನ್ನ ಬಗ್ಗೆ.”

“ಹಂದಿ ಮೇಯಿಸೋರಿಗೆಲ್ಲ ದಿಲ್‌ಪಸಂದ್. ನನ್ನ ಇಲಿ ನೋಡ್ಕೊಳ್ಳೋ ಚೆಲುವಯ್ಯನಿಗೆ ನಾನೊಂದು ದಿನ ಟೀ ಕೊಡಿಸಿಲ್ಲ ಅಂತ ಹಂಗಿಸ್ತಿದ್ದೀರಾ?”

ಸದಾನಂದ ಬೆಪ್ಪಾಗಿ ನಿಂತ. “ನಾನೇನಂದೆ ಈಗ?”

ಅವನು ಏನೂ ಅಂದಿರಲಿಲ್ಲ. ತನ್ನ ಬೇಕರಿಯಲ್ಲಿ, ತನ್ನ ಗಂಡನ ಬಾಯಿಂದಲೂ ಆ ಹೆಸರು ಬಂತಲ್ಲ ಎಂಬುದೇ ಅವಳಿಗೆ ಸಹಿಸದಾಗಿತ್ತು. ಅವಳು ಬನ್ನನ್ನು ಮುರಿದು ಅಲ್ಲೇ ಬಿಟ್ಟಳು.

ಮೊದಲ ರೋಗಿ ಕೆಂಪಾಜಮ್ಮ. ನಲವತ್ತನಾಲ್ಕು ವರ್ಷ, ಬಸ್ ಕಂಡಕ್ಟರು, ನಂಜನಗೂಡು ರೂಟಿನವಳು. ಹಿಂದೆ ಮುಂದೆ ಯಾರಿಲ್ಲ, ಒಬ್ಬಳೇ. ಶಸ್ತ್ರಕ್ರಿಯೆಗೆ ಮೊದಲು ಗಾಜಿನ ಆಚೆ ಮಲಗಿದ್ದ ಹಂದಿಯನ್ನು ದಿಟ್ಟಿಸಿ, “ಅದರ ರಕ್ತ ನನ್ನೊಳಕ್ಕೆ ಬತ್ತದಾ?” ಎಂದು ಕೇಳಿದಳು.

“ರಕ್ತ ಬರುದಿಲ್ಲಮ್ಮ,” ಎಂದಳು ಲವೀನಾ. “ಸುದ್ದಿ ಮಾತ್ರ ಬರ್ತದೆ.”

“ಸುದ್ದಿ ಬಂದ್ರೆ ಬರ್ಲಿ ಬುಡವ್ವಾ. ಬಸ್ನಲ್ಲಿ ದಿನಾ ಎಂತೆಂತೋರ ಸುದ್ದಿನೋ ಕೇಳೀನಿ.”

ಊರಿನ ಹೆಸರಾಂತ ಶಸ್ತ್ರವೈದ್ಯರು ಕೆಂಪಾಜಮ್ಮನ ಹೊಟ್ಟೆಯಿಂದ ಒಂದು ಕಿಲೋ ಯಕೃತ್ತು ತೆಗೆದರು. ಉಳಿದದ್ದು ಇನ್ನೂರ ಮೂವತ್ತು ಗ್ರಾಂ. ಪಕ್ಕದ ಕೋಣೆಯಲ್ಲಿ ಲವೀನಾ ಹಂದಿಯನ್ನು ಕೊಯ್ದಳು. ಸೇತು ಸಣ್ಣಗೆ ಗುಂಯ್‌ಗುಡತೊಡಗಿತು.

ನಿಯಂತ್ರಣ ಕೋಣೆಯ ಗೋಡೆಯ ಮೇಲೆ ಎರಡು ಗೆರೆಗಳು. ಕೆಂಪು ಗೆರೆ ಕೆಂಪಾಜಮ್ಮನದು, ಹಸಿರು ಹಂದಿಯದು. ಹೊಟ್ಟೆಗೆ ಅಂಟಿಸಿದ ಪಟ್ಟಿಯೊಂದು ಆರು ಗಂಟೆಗೊಮ್ಮೆ ಯಕೃತ್ತಿನ ಗಾತ್ರ ಅಳೆದು ಕಳಿಸುತ್ತಿತ್ತು. ಐನೂರೈವತ್ತು ಗ್ರಾಂ ಮುಟ್ಟಿದರೆ ಕೆಂಪಾಜಮ್ಮ ತನ್ನ ಕಾಲ ಮೇಲೆ ನಿಂತ ಹಾಗೆ. ಎರಡನೆಯ ದಿನ ಇನ್ನೂರ ತೊಂಬತ್ತು. ಮೂರನೆಯ ದಿನ ಮುನ್ನೂರ ಎಪ್ಪತ್ತು. ಅಕ್ಕಪಕ್ಕದ ವಿಭಾಗದವರೆಲ್ಲ ಇಣುಕಿ ನೋಡಿ ಹೋಗುತ್ತಿದ್ದರು. ಅನಂತಶಯನ ಪತ್ರಿಕೆಯವರಿಗೆ ಫೋನು ಮಾಡಲೇ, ಬೇಡವೇ ಎಂದು ಕೈ ಉಜ್ಜಿಕೊಳ್ಳುತ್ತಿದ್ದರು. ಹಂದಿಯ ಗಾಯ ನೋಡಿಕೊಳ್ಳುವ ಹೊಣೆ ಅಂಬುಜಾಕ್ಷಿಯದು. ಬರುವಾಗ ಹೋಗುವಾಗ ಆ ಕೆಂಪು ಗೆರೆ ಏರುತ್ತಿರುವುದನ್ನು ಕಂಡಾಗಲೆಲ್ಲ ಅವಳು ಮನಸ್ಸಿನಲ್ಲೇ ಮತ್ತೆ ಲೆಕ್ಕ ಹಾಕುತ್ತಿದ್ದಳು. ನನ್ನ ಲೆಕ್ಕವೇ ತಪ್ಪಿತ್ತೇನೋ, ನೂರಹದಿನಾರು ಇಲಿಗಳೂ ಸುಳ್ಳು ಹೇಳಿದವೇನೋ ಎನಿಸುತ್ತಿತ್ತು. ರೋಗಿ ಬದುಕುತ್ತಾಳೆ ಎಂದು ಸಮಾಧಾನಪಡುವ ಬದಲು ನನ್ನ ಲೆಕ್ಕ ತಪ್ಪಾಯಿತಲ್ಲ ಎಂದು ಸಂಕಟಪಡುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಸಂಕಟ ಹೋಗಲಿಲ್ಲ.

ನಾಲ್ಕು ದಿನ ತುಂಬಿದ ಮಧ್ಯಾಹ್ನ ಹಸಿರು ಗೆರೆ ಬಾಗಿತು. ಸಂಜೆ ಕೆಂಪು ಗೆರೆಯೂ ಬಾಗಿತು. ನಾನೂರ ಮೂವತ್ತು. ಆರು ಗಂಟೆ ಕಳೆದ ಮೇಲೂ ನಾನೂರ ಮೂವತ್ತು.

ಐದನೆಯ ದಿನ ಬೆಳಿಗ್ಗೆ ಅಂಬುಜಾಕ್ಷಿ ಒಳಗೆ ಹೋದಾಗ ಲವೀನಾ ಅದೇ ಬಟ್ಟೆಯಲ್ಲಿ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ನಾನೂರ ಇಪ್ಪತ್ತೆಂಟು. ಕೊಳವೆ ನೋಡಿದಳಂತೆ, ಪೊರೆ ಬದಲಿಸಿದಳಂತೆ, ಔಷಧಿ ಬದಲಿಸಿದಳಂತೆ. “ಎಂಥ ಆಯ್ತು ಅಂತಲೇ ಗೊತ್ತಾಗುದಿಲ್ಲ ಮೇಡಂ,” ಎಂದಳು. ಅವಳ ತುಟಿ ನಡುಗುತ್ತಿತ್ತು.

ಆ ನಡುಗುವ ತುಟಿಯನ್ನು ಕಂಡಾಗ ಅಂಬುಜಾಕ್ಷಿಯ ಒಳಗೆ ಏನೋ ತಣ್ಣಗಾಯಿತು. ಎರಡು ವರ್ಷದಿಂದ ಉರಿಯುತ್ತಿದ್ದ ಜಾಗಕ್ಕೆ ಯಾರೋ ಗಂಧ ತೇಯ್ದು ಹಚ್ಚಿದಂತೆ. ಹೇಳುವ ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಲಿಲ್ಲ. ಪಕ್ಕದ ಕುರ್ಚಿ ಎಳೆದು ಕೂತು, ಕಾಫಿ ತರಿಸಿ, ಅವಳು ಒದ್ದಾಡುವುದನ್ನು ನೋಡುತ್ತ ಇಡೀ ಬೆಳಗು ಕಳೆದಳು. “ಸಮಾಧಾನ ಮಾಡ್ಕೊಳ್ಳಿ,” ಎಂದು ಎರಡು ಸಲ ಬೆನ್ನು ಸವರಿದಳು ಕೂಡ.

ಮಧ್ಯಾಹ್ನ ಹಂದಿಯ ಗಾಯಕ್ಕೆ ಪಟ್ಟಿ ಬದಲಿಸಲು ಒಳಗೆ ಹೋದಾಗ ಗಾಜಿನ ಆಚೆಯಿಂದ ಕೆಂಪಾಜಮ್ಮ ಕೈಸನ್ನೆ ಮಾಡಿ ಕರೆದಳು. ಕಣ್ಣಿನ ಬಿಳಿ ಭಾಗ ಅರಿಸಿನದ ಬಣ್ಣಕ್ಕೆ ತಿರುಗಿತ್ತು.

“ನಂದು ಎಷ್ಟು ಬೆಳೀತು ಯೋಳಿ ಡಾಕ್ಟ್ರಮ್ಮ. ಆ ಹುಡ್ಗಿ ಮೊಕ ನೋಡಿದ್ರೆ ಕೇಳಕ್ಕೆ ಅಂಜಿಕೆ ಆಯ್ತದೆ.”

“ಬೆಳೀತಾ ಇದೆ.”

“ಬೆಳೀಲಿ. ಜೂನ್‌ಗೆ ನಂಗೆ ಊಟಿ ರೂಟ್ ಕೊಡ್ತೀವಿ ಅಂದವ್ರೆ. ಹತ್ತೊಂಬತ್ತು ವರ್ಷದಿಂದ ನಂಜನಗೂಡು, ನಂಜನಗೂಡು, ನಂಜನಗೂಡು. ಒಂದ್ಸಲನಾದ್ರೂ ಆ ತಿರುವುಗಳಲ್ಲಿ ವಿಸಿಲ್ ಊದ್ಬೇಕು ಅಂತ ಆಸೆ.” ಅಷ್ಟು ಮಾತಿಗೇ ಅವಳಿಗೆ ಏದುಸಿರು ಬಂತು. ಮಾತು ತೊದಲುತ್ತಿತ್ತು. ಯಕೃತ್ತು ಕೈಬಿಟ್ಟರೆ ಮೊದಲು ಕೆಡುವುದು ರಕ್ತ, ಆಮೇಲೆ ಬುದ್ಧಿ.

ಅಂಬುಜಾಕ್ಷಿ ಹೊರಗೆ ಬಂದು ತನ್ನ ಕೋಣೆಗೆ ಹೋದಳು. ಬೀರು ತೆರೆದಳು. ಮೂವತ್ತು ಪುಟ ಹಾಗೆಯೇ ಇದ್ದವು, ಅಂಚು ಹಳದಿಯಾಗಿತ್ತು. ಎತ್ತಿಕೊಂಡು ನಿಯಂತ್ರಣ ಕೋಣೆಗೆ ಓಡಿದಳು. ಐವತ್ತೊಂದು ವರ್ಷದ ಅವಳು ಓಡಿದ್ದನ್ನು ಅಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ.

“ಹಂದಿ ಬಿಚ್ಚಿ,” ಎಂದಳು ಲವೀನಾಳಿಗೆ. “ಈಗಲೇ. ಅದರ ರಕ್ತ ಸಾಕು ಅಂತಿದೆ. ಹೊಸದಾಗಿ ಕೊಯ್ದ ಹಂದಿ ಬೇಕು. ನಾನು ಕೊಯ್ತೀನಿ.”

ಲವೀನಾ ಪುಟ ತಿರುವಿದಳು. ಮೂರನೆಯ ಪುಟಕ್ಕೇ ಅರ್ಥವಾಯಿತು. ತಲೆ ಎತ್ತಿ ನೋಡಿದಳು. ಆ ನೋಟ ತಾಳಲಾರದೆ ಅಂಬುಜಾಕ್ಷಿಯ ಬಾಯಿಂದ ಬಂದುಬಿಟ್ಟಿತು: “ಹಳೇದು... ಮರೆತೇ ಹೋಗಿತ್ತು. ಈಗ ನೆನಪಾಯ್ತು.”

“ದೇವರು ದೊಡ್ಡವನು ಮೇಡಂ,” ಎಂದು ಲವೀನಾ ಅವಳ ಎರಡೂ ಕೈ ಹಿಡಿದುಕೊಂಡಳು.

ಅಂಬುಜಾಕ್ಷಿ ಅದುವರೆಗೆ ಹಂದಿಯ ಯಕೃತ್ತನ್ನು ಕೊಯ್ದಿರಲಿಲ್ಲ. ಆದರೆ ಕೈಗೆ ದಾರಿ ಗೊತ್ತಿತ್ತು. ನಲವತ್ತು ನಿಮಿಷದಲ್ಲಿ ಹೊಸ ಹಂದಿ ಸೇತುವಿನ ಆಚೆ ಮಲಗಿತ್ತು. ಸಂಜೆಯಾದರೂ ಕೆಂಪು ಗೆರೆ ಅಲುಗಲಿಲ್ಲ. ಆರನೆಯ ದಿನ ಬೆಳಿಗ್ಗೆ ನಾನೂರ ಮೂವತ್ತೊಂಬತ್ತು. ಮಧ್ಯಾಹ್ನ ನಾನೂರ ಅರವತ್ತು. ಒಂಬತ್ತನೆಯ ದಿನ ಮೂರನೆಯ ಹಂದಿ. ಹನ್ನೊಂದನೆಯ ದಿನ ಐನೂರ ಎಂಬತ್ತು ಗ್ರಾಂ ತಲುಪಿ, ಸೇತು ಬಿಚ್ಚಿದರು.

ಆದರೆ ತಡವಾದ ಆ ಒಂದು ದಿನ ಸುಮ್ಮನೆ ಹೋಗಲಿಲ್ಲ. ಕೆಂಪಾಜಮ್ಮನ ಮೂತ್ರಪಿಂಡಗಳು ಏಟು ತಿಂದಿದ್ದವು. ಐದು ವಾರ ಡಯಾಲಿಸಿಸ್, ಆಮೇಲೂ ಸುಸ್ತು. ಬಸ್ಸಿನಲ್ಲಿ ಎಂಟು ಗಂಟೆ ನಿಲ್ಲುವ ಕೆಲಸ ಇನ್ನು ಆಗದು, ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಡಿ ಎಂದು ವೈದ್ಯರು ಬರೆದುಕೊಟ್ಟರು.

ಲವೀನಾ ಪ್ರಬಂಧ ಬರೆದಳು. ಮೊದಲ ಹೆಸರು ಅಂಬುಜಾಕ್ಷಿಯದು. “ಯಂತ್ರ ನನ್ನದು, ಅಷ್ಟೇ. ಜೀವ ಉಳಿಸಿದ್ದು ನಿಮ್ಮ ಐದನೇ ದಿನ,” ಎಂದಳು. ಸಭಾಂಗಣದಲ್ಲಿ ಅನಂತಶಯನ ಶಾಲು ಹೊದಿಸಿ, “ನಮ್ಮ ಬೀರುವಿನಲ್ಲೇ ಇತ್ತು ನಿಧಿ,” ಎಂದು ನಗಿಸಿದರು. ಸದಾನಂದ ತಾನೇ ಕೇಕು ಮಾಡಿ, ಮೇಲೆ ಹೆಂಡತಿಯ ಪೂರ್ತಿ ಹೆಸರನ್ನು ಬಿಳಿ ಕ್ರೀಮಿನಲ್ಲಿ ಬರೆದು ತಂದಿದ್ದ. ಒಂಬತ್ತು ವರ್ಷ ಬಯಸಿದ್ದೆಲ್ಲ ಒಂದೇ ಮಧ್ಯಾಹ್ನದಲ್ಲಿ ಬಂತು. ಅವಳಿಗೆ ಒಂದು ತುಂಡು ಕೇಕು ಕೂಡ ನುಂಗಲಾಗಲಿಲ್ಲ.

ಮರುದಿನ ಅವಳು ಇನ್ನೂ ಆಸ್ಪತ್ರೆಯಲ್ಲಿದ್ದ ಕೆಂಪಾಜಮ್ಮನ ವಾರ್ಡಿಗೆ ಹೋದಳು. ಕಿತ್ತಲೆ ಹಣ್ಣು ತೆಗೆದುಕೊಂಡು ಹೋಗಿದ್ದಳು. ಕೊಡಲು ಧೈರ್ಯ ಬರದೆ ಕೈಯಲ್ಲೇ ಹಿಡಿದು ಕೂತಳು.

“ನನಗೆ ಮೊದಲೇ ಗೊತ್ತಿತ್ತು, ಕೆಂಪಾಜಮ್ಮ. ಐದನೇ ದಿನ ನಿಂತುಹೋಗುತ್ತೆ ಅಂತ ನಿಮ್ಮ ಆಪರೇಷನ್‌ಗಿಂತ ಮುಂಚೆನೇ ಗೊತ್ತಿತ್ತು. ಅವಳು ನನ್ನನ್ನ ಕೇಳಿದಳು. ನಾನು ಹೇಳಲಿಲ್ಲ.”

ಕೆಂಪಾಜಮ್ಮ ದಿಂಬಿನಿಂದ ತಲೆ ಎತ್ತಿದಳು. “ಯಾಕೆ?”

“ಹೊಟ್ಟೆಕಿಚ್ಚು.”

“ನಿಮ್ಮ ಹೊಟ್ಟೆಕಿಚ್ಚಿಗೆ ಸುಟ್ಟಿದ್ದು ನನ್ನ ಹೊಟ್ಟೆ ಕಣವ್ವಾ.”

ಕೆಂಪಾಜಮ್ಮ ಗೋಡೆಯ ಕಡೆ ಹೊರಳಿದಳು. ದಾದಿ ಬಂದು ಜ್ವರ ನೋಡಿ ಹೋದಳು. ಪಕ್ಕದ ಹಾಸಿಗೆಯವರಿಗೆ ಊಟ ಬಂತು. ಅಂಬುಜಾಕ್ಷಿ ಏಳಲಿಲ್ಲ.

“ಆ ಹುಡ್ಗಿಗೆ ಯೋಳಿದ್ರಾ?” ಗೋಡೆಯ ಕಡೆಯಿಂದಲೇ ಕೇಳಿತು ದನಿ.

“ಇಲ್ಲ. ಮರೆತಿದ್ದೆ ಅಂತ ಹೇಳಿದೀನಿ.”

“ನನ್ನ ಹತ್ರ ಯೋಳೋದು ಸಸಾರ. ನಾನು ಯಾರೂ ಇಲ್ದೋಳು, ಮಲಗಿವ್ನಿ. ಯಾರ ಮೇಲೆ ಕಿಚ್ಚೋ ಅವಳ ಹತ್ರ ಯೋಳಿ ಹೋಗಿ. ಹಣ್ಣ ಅಲ್ಲಿಟ್ಟು ಹೋಗಿ.”

ಲವೀನಾ ಕೊಟ್ಟಿಗೆಯಲ್ಲಿದ್ದಳು. ಎರಡನೆಯ ಹಂದಿಗೆ ಬೂಸಾ ಹಾಕುತ್ತಿದ್ದಳು. ಅಂಬುಜಾಕ್ಷಿ ಬೇಲಿಯ ಈಚೆ ನಿಂತೇ ಎಲ್ಲ ಹೇಳಿದಳು. ಸಭೆಯ ದಿನ, ಸುಳ್ಳು, ಕಾಫಿ ಕುಡಿಯುತ್ತ ಕೂತ ಆ ಬೆಳಗು, ಬೆನ್ನು ಸವರಿದ್ದು, ಒಂದನ್ನೂ ಬಿಡಲಿಲ್ಲ.

ಬೂಸಾ ಬುಟ್ಟಿ ಕೆಳಗಿಟ್ಟು ಲವೀನಾ ಕೈ ಒರೆಸಿಕೊಂಡಳು. “ನಾನು ನಿಮ್ಮತ್ರ ಬಂದು ಕೇಳಿದ್ದೆನಲ್ಲ,” ಎಂದಳು. “ಬೇರೆ ಯಾರತ್ರವೂ ಅಲ್ಲ. ನಿಮ್ಮತ್ರ.”

“ಹೌದು.”

“ಇದನ್ನು ನಾನು ಬರೆದು ಕೊಡ್ತೇನೆ ಮೇಡಂ, ಡೈರೆಕ್ಟರಿಗೆ. ಬಿಡ್ಲಿಕ್ಕೆ ಆಗುದಿಲ್ಲ.”

“ಕೊಡಿ. ನನ್ನ ಹೆಸರೂ ತೆಗೆದುಬಿಡಿ.”

“ಅದನ್ನು ಯಾಕೆ ತೆಗೆಯುದು?” ಲವೀನಾ ಮೊದಲ ಸಲ ದನಿ ಎತ್ತಿದಳು. “ಕಂಡುಹಿಡಿದದ್ದು ನೀವೇ. ಅದು ಸುಳ್ಳಾಗ್ತದಾ? ಹೆಸರು ಇರ್ತದೆ. ದೂರೂ ಇರ್ತದೆ.” ಅಷ್ಟು ಹೇಳಿ ಬುಟ್ಟಿ ಎತ್ತಿಕೊಂಡು ಬೆನ್ನು ಹಾಕಿ ನಡೆದಳು. ಹಂದಿ ಅವಳ ಹಿಂದೆಯೇ ಹೋಯಿತು.

ವಿಚಾರಣೆ ಎರಡು ವಾರ ನಡೆಯಿತು. ಮನುಷ್ಯರ ಮೇಲಿನ ಯಾವ ಪ್ರಯೋಗಕ್ಕೂ ಅಂಬುಜಾಕ್ಷಿ ಇನ್ನು ಕೈ ಹಾಕುವಂತಿಲ್ಲ, ಇಲಿಗಳ ಕೋಣೆಯಷ್ಟೇ ಅವಳದು ಎಂದಾಯಿತು. ಕೆಂಪಾಜಮ್ಮನಿಗೆ ಸಂಸ್ಥೆ ಪರಿಹಾರ ಕೊಡಬೇಕೆಂದೂ ಆಯಿತು. ಪ್ರಬಂಧ ಅಚ್ಚಾಯಿತು, ಮೊದಲ ಹೆಸರು ಅವಳದೇ ಇತ್ತು. ಲವೀನಾ ಮತ್ತೆ ಅವಳ ಮೇಜಿನ ಹತ್ತಿರ ಊಟಕ್ಕೆ ಕೂರಲಿಲ್ಲ.

ಪ್ರಬಂಧವಿದ್ದ ಸಂಚಿಕೆ ಬಂದ ದಿನ ಸಂಜೆ ಅವಳು ಬೇಕರಿಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಸದಾನಂದನಿಗೆ ಎಲ್ಲ ಗೊತ್ತಾಗಿತ್ತು. ಅವನು ನಾಲ್ಕು ದಿನ ಮಾತು ಬಿಟ್ಟು, ಐದನೆಯ ದಿನ ತಾನಾಗಿ ಕಾಫಿ ತಂದುಕೊಟ್ಟವನು. ಸಂಚಿಕೆಯಲ್ಲಿ ಅವಳ ಹೆಸರಿನ ಮೇಲೆ ಹಿಟ್ಟಿನ ಬೆರಳನ್ನು ಮೆಲ್ಲಗೆ ಆಡಿಸಿದ.

“ಎಲ್ಲ ಹೇಳಿ ಮುಗಿಸಿದೆಯಲ್ಲ,” ಎಂದ. “ಈಗ ಹಗುರಾಯ್ತಾ?”

ಅಂಬುಜಾಕ್ಷಿ ಸುಳ್ಳು ಹೇಳುವುದಕ್ಕೆ ಬಾಯಿ ತೆರೆದಳು, ಮತ್ತೆ ಮುಚ್ಚಿದಳು.

“ಇಲ್ಲ ರೀ,” ಎಂದಳು ಕೊನೆಗೆ. “ಅವಳು ನನ್ನ ಹೆಸರು ತೆಗೀಲಿಲ್ಲ ನೋಡಿ. ಅದಕ್ಕೇ ಈಗ ಇನ್ನೂ ಹೊಟ್ಟೆ ಉರೀತಿದೆ. ಅವಳ ಜಾಗದಲ್ಲಿ ನಾನಿದ್ದಿದ್ದರೆ ತೆಗೆದುಬಿಡ್ತಿದ್ದೆ.”